ಹೆಲ್ಮೆಟ್ಟಿನ ಕುಂಕುಮ, ಮಂಗಳ ಗ್ರಹದ ಮಣ್ಣು

ಕಳೆದ ವಾರ ಬಸವೇಶ್ವರನಗರದ ಒಂದು ದರ್ಶಿನಿಯ ಮುಂದೆ ನಿಂತು ಕಾಫಿ ಕುಡಿಯುತ್ತಿದ್ದೆ. ರಸ್ತೆಯ ಆಚೆ ಬದಿಯ ಕಟ್ಟಡದಿಂದ ನನ್ನ ಗೆಳತಿ ಸವಿತಾ ಇಳಿದು ಬಂದಳು. ಕೆಲಸದ ಸಂದರ್ಶನಕ್ಕೆ ಹೋಗಿದ್ದಳು. ಕಂಕುಳಲ್ಲಿ ದಪ್ಪನೆಯ ಫೈಲು. ಇದುವರೆಗೆ ಅವಳು ಮಾಡಿದ ಕೆಲಸದ ಫೋಟೊಗಳೆಲ್ಲ ಅದರಲ್ಲಿವೆ.

"ಏನಾಯ್ತೇ?" ಎಂದೆ.

"ನಾ ಕಳ್ಳಿ ಅಂತ," ಎಂದಳು. "ನನಗೂ ಒಂದ್ ಕಾಫಿ ಹೇಳು."

ಸವಿತಾ ಗದಗಿನ ಕಡೆಯವಳು. ಆರ್‌ಪಿಸಿ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದಾಳೆ. ಸಿನಿಮಾ, ಸೀರಿಯಲ್‌ಗಳಿಗೆ ಕಾಸ್ಟ್ಯೂಮ್ ಡಿಸೈನ್ ಮಾಡುವುದು ಅವಳ ವೃತ್ತಿ. ನಾವಿಬ್ಬರೂ ಒಂದೇ ಹಾಸ್ಟೆಲಿನಲ್ಲಿದ್ದು ಓದಿದವರು. ಅವಳು ಕಾಫಿಗೆ ಸಕ್ಕರೆ ಹೆಚ್ಚು ಹಾಕಿಸಿಕೊಂಡರೆ ಅಳು ನುಂಗುತ್ತಿದ್ದಾಳೆ ಎಂದು ನನಗೆ ಗೊತ್ತು. ಆವತ್ತು ಕಾಫಿ ಪಾಯಸದ ಹಾಗಿತ್ತು.

ಆಗಿದ್ದಿಷ್ಟು. ವೆಬ್ ಸರಣಿಗಳನ್ನು ತೆಗೆಯುವ ಕಂಪನಿ ಅದು. (ಹೆಸರು ಬೇಡ. ಇಂಥವರಿಗೆ ಬೈಗುಳವೂ ಪ್ರಚಾರವೇ.) ಒಳಗೆ ಮೂವರು ಕೂತಿದ್ದರು. ಪುಟ ತಿರುವುತ್ತಾ "ನೈಸ್, ನೈಸ್" ಎನ್ನುತ್ತಿದ್ದವರು ಒಂದು ಫೋಟೊಗೆ ಬಂದು ನಿಂತರು. ಬಿಳಿಯ ಸ್ಪೇಸ್‌ಸೂಟ್, ಗಗನಯಾತ್ರಿಯ ಉಡುಪು. ಹೆಲ್ಮೆಟ್ಟಿನ ಹಣೆಯ ಮೇಲೆ ಒಂದು ಕೆಂಪು ಚುಕ್ಕೆ. ಮೂವರಲ್ಲೊಬ್ಬ ಗಡ್ಡದ ಯುವಕ ಫೋನು ತೆಗೆದು, ಈಗ ಊರೆಲ್ಲ ನೋಡುತ್ತಿರುವ ಒಂದು ಕನ್ನಡ ವೆಬ್ ಸರಣಿಯ ಪೋಸ್ಟರ್ ತೋರಿಸಿದ. ಮಂಗಳ ಗ್ರಹಕ್ಕೆ ಹೋಗುವ ಕಥೆ. ಅದರಲ್ಲಿ ಅದೇ ಸೂಟು. ಅದೇ ಚುಕ್ಕೆ.

"ಮೇಡಂ, ಬೇರೆಯವ್ರ ಕೆಲ್ಸ ಹಾಕ್ಕೊಳ್ಳೋದಾದ್ರೆ ಯಾರಿಗೂ ಗೊತ್ತಿಲ್ಲದ್ದನ್ನ ಹಾಕ್ಕೋಬೇಕು," ಎಂದನಂತೆ. ಪಕ್ಕದಲ್ಲಿದ್ದ ಎಚ್‌ಆರ್ ಮೇಡಂ ನಕ್ಕರಂತೆ.

ಸವಿತಾ ಆ ಸರಣಿಯನ್ನು ನೋಡಿಯೇ ಇರಲಿಲ್ಲ. ಇಡೀ ದಿನ ಸೆಟ್‌ನಲ್ಲಿ ಸೆರಗು ಸರಿಮಾಡಿ ಬಂದವಳು ರಾತ್ರಿ ಮತ್ತೆ ಸೀರೀಸ್ ಹಾಕಿಕೊಂಡು ಕೂರುತ್ತಾಳೆಯೇ? "ಇದು ನಾ ಮಾಡಿದ್ದು" ಎಂದಳು. ಅವರು ಪರಸ್ಪರ ಮುಖ ನೋಡಿಕೊಂಡರು. ಮೂವರಲ್ಲಿ ಹಿರಿಯರಾದವರು ಮಾತ್ರ ಸ್ವಲ್ಪ ಕರುಣೆ ತೋರಿದರು. "ಶುಕ್ರವಾರದೊಳಗೆ ನಿಮ್ದೇ ಅಂತ ಏನಾದ್ರೂ ತೋರ್ಸಿ. ಇಲ್ಲಾಂದ್ರೆ ಕಷ್ಟ. ಇದು ಸಣ್ಣ ಇಂಡಸ್ಟ್ರಿ. ಮಾತು ಬೇಗ ಹರಡುತ್ತೆ."

ಹರಡುತ್ತೆ ಎಂದರೆ ನಾವೇ ಹರಡುತ್ತೇವೆ ಎಂದು ಅರ್ಥ.

ಕೆಲಸ ಸಿಗದಿದ್ದರೆ ಇನ್ನೊಂದು ಕಡೆ ಅರ್ಜಿ ಹಾಕಬಹುದು. ಆದರೆ ‘ಆ ಹುಡುಗಿ ಬೇರೆಯವರ ಕೆಲಸ ತೋರಿಸುತ್ತಾಳೆ’ ಎಂಬ ಮಾತು ಒಮ್ಮೆ ಹೊರಬಿದ್ದರೆ ಯಾವ ಸೆಟ್‌ಗೂ ಯಾರೂ ಕರೆಯುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದಕ್ಕೇ ಇಬ್ಬರೂ ಆ ಮಾತು ಎತ್ತದೆ ಕಾಫಿ ಮುಗಿಸಿದೆವು.

ಈಗ ಆ ಸೂಟಿನ ಜಾತಕ ಕೇಳಿ.

ಕೆಲವು ವರ್ಷಗಳ ಹಿಂದೆ ಗಗನಯಾತ್ರಿಯೊಬ್ಬನ ಕಥೆಯ ಸಿನಿಮಾ ಒಂದು ಶುರುವಾಗಿತ್ತು. ಸವಿತಾಳಿಗೆ ಅದು ಮೊದಲ ದೊಡ್ಡ ಅವಕಾಶ. ತಿಂಗಳುಗಟ್ಟಲೆ ಕೂತು ನಿಜವಾದ ಸ್ಪೇಸ್‌ಸೂಟ್‌ಗಳು ಹೇಗಿರುತ್ತವೆ, ಮೊಣಕಾಲು ಹೇಗೆ ಮಡಚುತ್ತದೆ, ಒಳಗಿನವನು ಉಸಿರಾಡುವುದು ಹೇಗೆ ಎಂದೆಲ್ಲ ಓದಿದಳು. ಫೈಬರ್, ಕ್ಯಾನ್ವಾಸ್, ಫೋಮ್ ತಂದು ಕತ್ತರಿಸಿದಳು, ಅಂಟಿಸಿದಳು, ಹೊಲಿದಳು. ಆಗ ಅವಳ ಬೆರಳುಗಳ ಸ್ಥಿತಿ ನೋಡಿ ನಾನೇ ಬ್ಯಾಂಡೇಜ್ ಸುತ್ತಿದ್ದೇನೆ.

ಅರ್ಧ ಶೂಟಿಂಗ್ ಮುಗಿದ ಮೇಲೆ ನಿರ್ಮಾಪಕರಿಗೆ ಬಾಹ್ಯಾಕಾಶದ ಮೇಲಿನ ಆಸಕ್ತಿ ಹೋಯಿತು. ಅವರು ಸೈಟ್ ವ್ಯಾಪಾರಕ್ಕೆ ಮರಳಿದರು. ಸಿನಿಮಾ ನಿಂತುಹೋಯಿತು.

ಫೋಟೊಗಳಿಲ್ಲವೇ ಎಂದು ಕೇಳುತ್ತೀರಿ. ಇಲ್ಲ. ಕಥೆ ಸೋರಿಕೆಯಾಗಬಾರದು ಎಂದು ಸೆಟ್ಟಿನ ಬಾಗಿಲಲ್ಲೇ ಎಲ್ಲರ ಫೋನು ಇಸಿದುಕೊಳ್ಳುತ್ತಿದ್ದರು. (ಅಷ್ಟು ಜೋಪಾನ ಮಾಡಿದ ಕಥೆ ಕೊನೆಗೂ ಸೋರಲಿಲ್ಲ. ಹೊರಗೇ ಬರಲಿಲ್ಲ.) ಸ್ಕೆಚ್‌ಗಳು? ನಿರ್ಮಾಪಕರ ಆಫೀಸಿಗೆ ಕೊಟ್ಟಿದ್ದಳು. ಆ ಆಫೀಸಿನ ಜಾಗದಲ್ಲಿ ಈಗ ಮೊಮೊ ಮಾರುತ್ತಾರೆ. ನಿರ್ದೇಶಕರು? ದರ್ಶಿನಿಯ ಮುಂದೆಯೇ ನಿಂತು ಫೋನು ಹಚ್ಚಿದಳು. ಆ ಸಿನಿಮಾದ ಹೆಸರು ಎತ್ತಿದ ಕೂಡಲೇ "ಮೀಟಿಂಗಲ್ಲಿದೀನಿ" ಎಂದು ಇಟ್ಟರು.

ಸೂಟು ಮಾತ್ರ ಉಳಿದಿತ್ತು. ನಿಂತುಹೋದ ಸಿನಿಮಾಗಳ ಸಾಮಾನು ಕೊನೆಗೆ ಸೇರುವ ಕಡೆಗೆ ಅದೂ ಸೇರಿತ್ತು: ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೆಡ್ಡಿಗೆ. ಅಲ್ಲಿ ಶೂಟಿಂಗ್ ಸಾಮಾನುಗಳನ್ನು ಬಾಡಿಗೆಗೆ ಕೊಡುತ್ತಾರೆ. ಕಳೆದ ತಿಂಗಳು ಸವಿತಾ ಅಲ್ಲಿಗೆ ಹೋಗಿ, ಮಾಲೀಕರನ್ನು ಕೇಳಿ, ಫೈಲಿಗಾಗಿ ಒಂದು ಫೋಟೊ ತೆಗೆದುಕೊಂಡು ಬಂದಿದ್ದಳು. ಆ ಫೋಟೊವೇ ಈಗ ಅವಳ ಕೊರಳಿಗೆ ಬಿದ್ದದ್ದು.

ಆವತ್ತು ಸಂಜೆ ಚಂದ್ರಾ ಲೇಔಟಿನ ನನ್ನ ಮನೆಯಲ್ಲಿ ಕೂತು ಆ ಸರಣಿಯನ್ನು ನೋಡಿದೆವು.

ಹೇಗಿದೆ ಎಂದು ಕೇಳಬೇಡಿ. ರಾಕೆಟ್ಟಿನ ಒಳಗೋಡೆ ಬೆಳ್ಳಿ ಬಣ್ಣ ಬಳಿದ ಮೊಟ್ಟೆ ಟ್ರೇ ಎಂದು ನನಗೇ ಗೊತ್ತಾಯಿತು. ಮಂಗಳ ಗ್ರಹದ ಕಲ್ಲುಗಳ ಸಂದಿಯಲ್ಲಿ ಒಂದು ಕಡೆ ಪಾರ್ಥೇನಿಯಂ ಬೆಳೆದಿತ್ತು. ಜೀವಿಗಳಿಗಾಗಿ ವಿಜ್ಞಾನಿಗಳು ಎಷ್ಟು ವರ್ಷದಿಂದ ಹುಡುಕುತ್ತಿದ್ದಾರೆ, ಪಾಪ.

ನಾಯಕ ಸೂಟು ಹಾಕಿಕೊಂಡು ಬಂದ. ಸವಿತಾ ಮುಂದಕ್ಕೆ ಬಗ್ಗಿದಳು.

"ನಿಲ್ಲಿಸು," ಎಂದಳು. ನಿಲ್ಲಿಸಿದೆ. "ಅವ ಹಿಂದುಮುಂದಾಗಿ ಹಾಕ್ಕೊಂಡಾನ."

"ಏನು?"

"ಸೂಟು. ಹಿಂದಿನ ಭಾಗ ಮುಂದ ಐತಿ."

ಅವಳು ವಿವರಿಸಿದಳು. ಅವಳು ಮಾಡಿದ ಸೂಟಿನ ಜಿಪ್ ಬೆನ್ನಿಗೆ ಬರಬೇಕು. ಹಿಂದಿನಿಂದ ಒಳಗೆ ಹೊಕ್ಕು, ಬೇರೆಯವರಿಂದ ಮುಚ್ಚಿಸಿಕೊಳ್ಳಬೇಕು. ಉಸಿರಿನ ಕೊಳವೆಗಳಿರುವ ಪೆಟ್ಟಿಗೆ ಎದೆಯ ಮೇಲೆ ಬರುತ್ತದೆ. ಮಂಡಿಯ ಚಿಪ್ಪಿನ ಮೇಲೆ ಗಟ್ಟಿ ಫೈಬರ್ ಬಟ್ಟಲು; ಅದರ ಹಿಂದೆ, ಕಾಲು ಮಡಚುವ ಕಡೆ, ಮೆತ್ತನೆಯ ನೆರಿಗೆ. ಸರಣಿಯವರು ಜಿಪ್ ಎಂದರೆ ಮುಂದೆಯೇ ಎಂದುಕೊಂಡು ಜರ್ಕಿನ್ನಿನ ಹಾಗೆ ತೊಡಿಸಿದ್ದಾರೆ. ಎದೆಯ ಪೆಟ್ಟಿಗೆ ಬೆನ್ನಿಗೆ ಹೋಗಿದೆ. ಗಟ್ಟಿ ಬಟ್ಟಲು ಮಂಡಿಯ ಹಿಂದಕ್ಕೆ ಹೋಗಿದೆ. ಕಾಲು ಮಡಚಲು ಸಾಧ್ಯವೇ ಇಲ್ಲ. ನಾಯಕ ಎರಡು ಬಿದಿರು ಗಳಗಳ ಮೇಲೆ ನಿಂತವನಂತೆ ನಡೆಯುತ್ತಿದ್ದ.

ಆ ನಡಿಗೆಯನ್ನು ವಿಮರ್ಶಕರೊಬ್ಬರು ‘ಮಂಗಳದ ಗುರುತ್ವಾಕರ್ಷಣೆಯನ್ನು ದೇಹದಲ್ಲೇ ಅನುಭವಿಸಿದ ಅಭಿನಯ’ ಎಂದು ಹೊಗಳಿದ್ದನ್ನು ನಾನು ಓದಿದ್ದೆ. ಮಂಗಳದಲ್ಲಿ ಗುರುತ್ವಾಕರ್ಷಣೆ ನಮ್ಮದಕ್ಕಿಂತ ಕಡಿಮೆ. ಅಲ್ಲಿ ಹಗುರವಾಗಿ ನಡೆಯಬೇಕು. ಇರಲಿ, ವಿಮರ್ಶೆಗೆ ಹೈಸ್ಕೂಲು ವಿಜ್ಞಾನ ಕಡ್ಡಾಯವಲ್ಲ.

ಆಮೇಲೆ ಆ ಸರಣಿಯ ಡಿಸೈನರ್ ಕೊಟ್ಟ ಸಂದರ್ಶನದ ವಿಡಿಯೊ ಹಾಕಿದೆವು. ಕಪ್ಪು ಕುರ್ತಾ, ಕೊರಳಲ್ಲಿ ಮರದ ಮಣಿಗಳು, ಹಿಂದೆ ಪುಸ್ತಕದ ಕಪಾಟು. ಬೆನ್ನಿನ ಪೆಟ್ಟಿಗೆ ಏನು ಎಂದು ನಿರೂಪಕಿ ಕೇಳಿದಳು. "ಮನುಷ್ಯ ತನ್ನ ಉಸಿರನ್ನೇ ಭಾರವಾಗಿ ಬೆನ್ನಿಗೆ ಹೊತ್ತಿದಾನೆ. ಅದು ಪೇನ್," ಎಂದರು ಇವರು. ಆ ಕೆಂಪು ಚುಕ್ಕೆ? ಅವರು ಒಂದು ಕ್ಷಣ ಕಣ್ಣು ಮುಚ್ಚಿದರು. "ಅದು ಮಂಗಳದ ಮಣ್ಣು. ಗಗನಯಾತ್ರಿ ಆ ನೆಲಕ್ಕೆ ಹಣೆ ಹಚ್ಚಿದಾನೆ. ಆ ಒಂದು ಡಾಟ್‌ಗೋಸ್ಕರ ನಾನು ನಿದ್ದೆ ಮಾಡಿಲ್ಲ."

ನಿರೂಪಕಿ "ವಾವ್" ಎಂದಳು.

ನಾನು ಮೊದಲ ಕಂತಿಗೆ ಹಿಂತಿರುಗಿದೆ. ರಾಕೆಟ್ ಇನ್ನೂ ಭೂಮಿಯಲ್ಲೇ ಇದೆ. ನಾಯಕ ಅಮ್ಮನ ಕಾಲಿಗೆ ಬೀಳಲು ಹೋಗುತ್ತಾನೆ. (ಬೀಳಲು ಆಗುವುದಿಲ್ಲ. ಮಂಡಿ.) ಪಕ್ಕದ ಮೇಜಿನ ಮೇಲೆ ಹೆಲ್ಮೆಟ್ ಇದೆ. ಅದರ ಹಣೆಯಲ್ಲಿ ಚುಕ್ಕೆಯೂ ಇದೆ. ಮಂಗಳಕ್ಕೆ ಹೋಗುವ ಮೊದಲೇ ಮಂಗಳದ ಮಣ್ಣು ಬಂದುಬಿಟ್ಟಿದೆ. ನಿದ್ದೆಗೆಟ್ಟು ಮಾಡಿದ ಕೆಲಸ ಹೀಗೇ ಆಗುವುದು.

"ನಾ ಮಾಡಿದಾಗ ಆ ಚುಕ್ಕಿ ಇದ್ದಿದ್ದಿಲ್ಲ," ಎಂದಳು ಸವಿತಾ. "ಮೊನ್ನೆ ಶೆಡ್ಡಿನ್ಯಾಗ ನೋಡಿದೆ. ಬಣ್ಣ ಸಿಡಿದದ ಅಂದ್ಕೊಂಡೆ."

ಮರುದಿನ ಇಬ್ಬರೂ ಆ ಶೆಡ್ಡಿಗೆ ಹೋದೆವು. ಒಂದು ಕಡೆ ಲೇತ್ ಮೆಷಿನ್ನಿನ ಸದ್ದು, ಇನ್ನೊಂದು ಕಡೆ ರಟ್ಟಿನ ಪೆಟ್ಟಿಗೆ ಮಾಡುವವರ ಅಂಟಿನ ವಾಸನೆ, ನಡುವೆ ಇಂದ್ರಲೋಕ. ಸಿಂಹಾಸನದ ಪಕ್ಕ ಐಸಿಯು ಮಂಚ, ಅದರ ಮೇಲೆ ಯಮನ ಗದೆ. ಮಾಲೀಕ ಪುಟ್ಟರಾಜು ಐವತ್ತು ದಾಟಿದವರು, ನಗುಮುಖ.

"ಬನ್ನಿ ಮೇಡಂ, ಕೂತ್ಕೊಳ್ಳಿ. ಸಿಂಹಾಸನ ಬೇಡ, ಕಾಲು ಮುರ್ದಿದೆ. ಮಂಚದ ಮೇಲೆ ಕೂತ್ಕೊಳ್ಳಿ."

ಐಸಿಯು ಮಂಚದ ಮೇಲೆ ಕೂತೆವು. ಸೂಟು ಎದುರಿನ ಮೊಳೆಗೆ ನೇತಾಡುತ್ತಿತ್ತು. ಹೆಲ್ಮೆಟ್ ಕೈಗೆ ತೆಗೆದುಕೊಂಡು ಕೇಳಿದೆ: "ಪುಟ್ಟರಾಜಣ್ಣ, ಈ ಕೆಂಪು ಏನು?"

"ಕುಂಕುಮ," ಎಂದರು. ಇನ್ನೇನಿರುತ್ತೆ ಎನ್ನುವ ಹಾಗೆ ನನ್ನನ್ನು ನೋಡಿದರು. "ಆಯುಧಪೂಜೇಲಿ ಇಟ್ಟಿದ್ದು. ಎಲ್ಲಾದಕ್ಕೂ ಇಡ್ತೀವಲ್ಲ. ನೋಡಿ, ಆ ಗದೆಗಿದೆ, ಡಾಕ್ಟ್ರು ಸ್ಟೆತಸ್ಕೋಪ್‌ಗೂ ಇದೆ. ನಮ್ಮನೆಯವ್ರು ಎಣ್ಣೇಲಿ ಕಲಸಿ ಇಟ್ಬಿಟ್ರು, ಫೈಬರ್ ಕುಡ್ಕೊಂಡ್ಬಿಡ್ತು. ಥಿನ್ನರ್ ಹಾಕಿ ಉಜ್ದೆ. ಬಿಳೀ ಪೇಂಟು ಬಂತು, ಕುಂಕುಮ ಬರ್ಲಿಲ್ಲ."

"ಸೀರೀಸಲ್ಲಿ ಅದು ಮಂಗಳದ ಮಣ್ಣು ಅಂತ ಹೇಳಿದಾರೆ."

"ಮಂಗಳವಾರ ಇಟ್ಟಿದ್ದಾ?" ಪುಟ್ಟರಾಜು ಯೋಚಿಸಿದರು. "ಇರ್ಬೋದು ಮೇಡಂ. ವಾರ ಜ್ಞಾಪಕ ಇಲ್ಲ."

ಸವಿತಾ ನಕ್ಕಳು. ದರ್ಶಿನಿಯ ಕಾಫಿಯಿಂದೀಚೆಗೆ ಮೊದಲ ಸಲ.

ಮಾತಿಗೆ ಮಾತು ಬೆಳೆದು ಸೂಟಿನ ಪೂರ್ವಾಶ್ರಮಗಳೆಲ್ಲ ಹೊರಬಂದವು. ಮಕ್ಕಳ ಸೀರಿಯಲ್ ಒಂದರಲ್ಲಿ ಅದು ಅನ್ಯಗ್ರಹದ ಮಾಮ. ಪೌರಾಣಿಕ ಧಾರಾವಾಹಿಯಲ್ಲಿ ಬಾಲ ಕಟ್ಟಿಸಿಕೊಂಡು ಪಾತಾಳದ ಕಾವಲುಗಾರ. ಕೊರೋನಾ ಕಾಲದ ಒಂದು ಕಥೆಯಲ್ಲಿ ಡಾಕ್ಟರ್. ಬೋರ್‌ವೆಲ್ ಜಾಹೀರಾತಿನಲ್ಲಿ ಚಂದ್ರನ ಮೇಲೆ ನೀರು ತೆಗೆದವನು. ನಾಗರಬಾವಿಯ ಒಂದು ರಿಸೆಪ್ಷನ್ನಿನಲ್ಲಿ ಮದುಮಗನೇ ಇದನ್ನು ಹಾಕಿಕೊಂಡು ಬಂದು, ಊಟಕ್ಕೆ ಕೂರಲಾಗದೆ ನಿಂತೇ ಉಂಡನಂತೆ. ಲೇಸರ್ ಗನ್ನಿನ ಕಥೆ ಬೇರೆ. ಅದು ಹೇರ್ ಡ್ರೈಯರ್ ಆಗಿ ಹುಟ್ಟಿ, ಗನ್ನಾಗಿ ಬೆಳೆದು, ಈಗ ಬ್ಯೂಟಿ ಪಾರ್ಲರಿನ ದೃಶ್ಯಗಳಿಗೆ ಮತ್ತೆ ಹೇರ್ ಡ್ರೈಯರ್ ಆಗಿ ಹೋಗುತ್ತಿದೆ.

"ಒಂದೇ ಡ್ರೆಸ್ ಇಷ್ಟು ಕಡೆ ಹೋದ್ರೆ ಜನಕ್ಕೆ ಗೊತ್ತಾಗಲ್ವಾ?" ಎಂದೆ.

"ಯಾರ್ ನೋಡ್ತಾರೆ ಮೇಡಂ?"

ಈ ಮಾತನ್ನು ನಾನು ಪುಟ್ಟರಾಜು ಅವರಿಂದ ಮಾತ್ರ ಕೇಳಿಲ್ಲ. ಸವಿತಾಳ ಜೊತೆ ಒಂದೆರಡು ಸೆಟ್‌ಗಳಿಗೆ ಹೋದಾಗಲೂ ಕೇಳಿದ್ದೇನೆ. ರಾಣಿಯ ಬೆನ್ನಿಗೆ ಸೇಫ್ಟಿ ಪಿನ್ ಕಾಣುತ್ತಿದೆ ಎಂದರೆ, ಯಾರ್ ನೋಡ್ತಾರೆ. ಋಷಿಯ ಕೈಯಲ್ಲಿ ವಾಚಿನ ಗುರುತಿದೆ ಎಂದರೆ, ಯಾರ್ ನೋಡ್ತಾರೆ. ಇಡೀ ಉದ್ಯಮ ನಿಂತಿರುವುದು ಜನ ನೋಡುವುದರ ಮೇಲೆ. ನೋಡಿ, ನೋಡಿ, ತಪ್ಪದೇ ನೋಡಿ ಎಂದು ಬಸ್ಸಿನ ಬೆನ್ನಿಗೂ ಮೆಟ್ರೊ ಕಂಬಕ್ಕೂ ಅಂಟಿಸುವವರು ಇವರೇ. ಒಳಗೆ ಹೋದರೆ ‘ಯಾರ್ ನೋಡ್ತಾರೆ’ ಎನ್ನುವವರೂ ಇವರೇ. ಹೋಟೆಲಿನವನು ಅಡಿಗೆಮನೆಯಲ್ಲಿ ‘ಯಾರ್ ತಿಂತಾರೆ’ ಎಂದರೆ ನಾವು ಸುಮ್ಮನಿರುತ್ತೇವೆಯೇ?

ತಪ್ಪು ತಿಳಿಯಬೇಡಿ. ಒಂದು ಉಡುಪನ್ನು ಮತ್ತೆ ಮತ್ತೆ ಬಳಸುವುದರ ಬಗ್ಗೆ ನನ್ನ ತಕರಾರಿಲ್ಲ. ನಾನು ಚಿಕ್ಕಮ್ಮನ ಮಗಳ ಯೂನಿಫಾರ್ಮ್ ಹಾಕಿಕೊಂಡು ಸ್ಕೂಲು ಮುಗಿಸಿದವಳು. ನವರಾತ್ರಿಗೆ ಅಟ್ಟದಿಂದ ಇಳಿಯುವ ಬೊಂಬೆಗಳು ಪ್ರತಿವರ್ಷ ಅವೇ. ಒಂದು ಸೂಟು ಗಗನಯಾತ್ರಿಯಾಗಿ, ಪಾತಾಳದವನಾಗಿ, ಮದುಮಗನಾಗಿ ದುಡಿಯುವುದು ಜಾಣತನ. ಆದರೆ ಚಿಕ್ಕಮ್ಮನ ಮಗಳ ಯೂನಿಫಾರ್ಮ್ ಹಾಕಿಕೊಂಡು ‘ಇದನ್ನು ನಾನೇ ಹೊಲಿದೆ, ಈ ಮಸಿಯ ಕಲೆ ನನ್ನ ಬಾಲ್ಯದ ಒಂಟಿತನದ ಸಂಕೇತ’ ಎಂದು ನಾನು ಸಂದರ್ಶನ ಕೊಡಲಿಲ್ಲ. ಅಷ್ಟೇ ವ್ಯತ್ಯಾಸ.

"ಅಣ್ಣಾರ," ಎಂದಳು ಸವಿತಾ, "ಇದರ ಜಿಪ್ ಹಿಂದ ಬರಬೇಕ್ರಿ."

"ಹೌದಾ?" ಪುಟ್ಟರಾಜು ಎದ್ದು ಸೂಟನ್ನು ತಿರುಗಿಸಿ ನೋಡಿದರು. "ಬ್ಲೌಸ್ ಥರಾನಾ?"

"ಬ್ಲೌಸ್ ಥರಾನ ರೀ."

"ಛೆ. ಮದುಮಗ ಕೂತು ಊಟ ಮಾಡ್ಬೋದಿತ್ತು."

ಸವಿತಾ ತನ್ನ ಕಷ್ಟ ಹೇಳಿದಳು. ಪುಟ್ಟರಾಜು ಅವರಿಗೆ ಇದರಲ್ಲಿ ಕಷ್ಟವೇನು ಎಂದೇ ಅರ್ಥವಾಗಲಿಲ್ಲ. "ಸಾಮಾನು ತಂದಿಳಿಸಿದವ್ರೇ ನೀವು ಮಾಡಿದ್ದು ಅಂದಿದ್ರು, ಆ ಡಿಸೈನರ್ ಸಾರ್‌ಗೂ ಹೇಳಿದೀನಲ್ಲ. ತಾಳಿ, ಈಗ್ಲೇ ಕೇಳ್ಬಿಡಣ," ಎಂದು ನಾವು ಬೇಡ ಎನ್ನುವ ಮೊದಲೇ ಫೋನು ಮಾಡಿ ಸ್ಪೀಕರ್ ಹಾಕಿದರು.

"ಸಾರ್, ಆ ವೈಟ್ ಡ್ರೆಸ್ ಮಾಡಿದ್ ಮೇಡಂ ಬಂದಿದಾರೆ."

"ಯಾವ ವೈಟ್ ಡ್ರೆಸ್ ಗುರು?" ವಿಡಿಯೊದಲ್ಲಿ ಕೇಳಿದ್ದ ದನಿಯೇ. ಆದರೆ ಕಣ್ಣು ಮುಚ್ಚಿದ ದನಿಯಲ್ಲ.

"ಸ್ಪೇಸ್‌ದು ಸಾರ್. ಕುಂಕುಮದ್ದು."

"ಓ. ಅವ್ರಾ. ನಮಸ್ತೆ ಮೇಡಂ. ನೈಸ್ ವರ್ಕ್. ಬೇಸಿಕ್ ಸ್ಟ್ರಕ್ಚರ್ ನಿಮ್ದೇ ಇರ್ಬೋದು. ಕಾನ್ಸೆಪ್ಟ್ ನಂದು."

"ಕಾನ್ಸೆಪ್ಟ್ ಅಂದ್ರ ಕುಂಕುಮಾನ್ರಿ?" ಎಂದಳು ಸವಿತಾ.

ಅವರು ಅದನ್ನು ಕೇಳಿಸಿಕೊಳ್ಳದವರಂತೆ ಮುಂದುವರಿಸಿದರು. ಸವಿತಾ ಸಂದರ್ಶನದ ವಿಷಯ ಹೇಳಿದಾಗ ಅವರ ದನಿಗೆ ಔದಾರ್ಯ ಬಂತು. "ಅಯ್ಯೋ, ಅಷ್ಟೇನಾ? ನಿಮ್ ಕೆಲ್ಸ ಯಾಕೆ ಹೋಗ್ಬೇಕು. ನೀವು ನಂಗೆ ಅಸಿಸ್ಟ್ ಮಾಡಿದ್ರಿ ಅಂತ ಒಂದು ಲೆಟರ್ ಕೊಡ್ತೀನಿ. ನನ್ನ ಹೆಸರು ನೋಡಿದ್ರೆ ಅವ್ರು ತೆಗೋತಾರೆ. ಈಗ್ಲೇ ಕಳಿಸ್ಲಾ?"

ನೋಡಿ, ದೊಡ್ಡ ಮನಸ್ಸು. ಅವಳೇ ಮಾಡಿದ ಸೂಟಿಗೆ ಅವಳನ್ನೇ ಸಹಾಯಕಿಯಾಗಿ ನೇಮಿಸಲು ಒಪ್ಪಿಕೊಂಡರು.

ಪುಟ್ಟರಾಜು ‘ಒಪ್ಕೊಳ್ಳಿ’ ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಜಗಳವೆಂದರೆ ನನಗಾಗದು. ಒಂದು ಪತ್ರ, ಒಂದು ಸುಳ್ಳು. ಕೆಲಸ ಸಿಗುತ್ತದೆ, ಊರಿಗೆಲ್ಲ ಹರಡುವ ಮಾತು ನಿಲ್ಲುತ್ತದೆ. ಸವಿತಾ ನೆಲ ನೋಡುತ್ತಾ ಕೂತಿದ್ದಳು. ಪಕ್ಕದ ಲೇತ್ ಒಮ್ಮೆ ನಿಂತು ಮತ್ತೆ ಶುರುವಾಯಿತು.

"ಬ್ಯಾಡ್ರಿ ಸಾರ್," ಎಂದಳು ಕೊನೆಗೆ. "ನಿಮಗ ಅಸಿಸ್ಟ್ ಮಾಡಿದ್ರ ಅದನ್ನ ಹೆಂಗ ಹಾಕ್ಕೋಬೇಕು ಅಂತ ಹೇಳಿರ್ತಿದ್ದೆ."

ಆ ಕಡೆ ಫೋನು ಇಟ್ಟರು.

ಶುಕ್ರವಾರ ಬೆಳಿಗ್ಗೆ ಆ ಸೂಟು ಒಂದು ಲಗೇಜ್ ಆಟೊದಲ್ಲಿ ರಾಜಾಜಿನಗರದಿಂದ ಬಸವೇಶ್ವರನಗರಕ್ಕೆ ಹೊರಟಿತು. ಹಿಂದೆ ಸ್ಕೂಟರಿನಲ್ಲಿ ನಾವಿಬ್ಬರು. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನ ಹುಡುಗ ಆಟೊ ಡ್ರೈವರಿಗೆ "ಏನಣ್ಣ, ಚಂದ್ರಯಾನನಾ?" ಎಂದ. "ಹೂಂ, ಹಾವನೂರು ಸರ್ಕಲ್ ತನಕ," ಎಂದ ಆತ.

ಕಟ್ಟಡದ ಮೆಟ್ಟಿಲಲ್ಲಿ ಸವಿತಾ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. "ನೀ ಹಾಕ್ಕೋಬೇಕು."

"ನಾನಾ?"

"ಹೀರೊನ ಅಳತೀಗೆ ಮಾಡಿದ್ದು. ನಾ ಹಾಕ್ಕೊಂಡ್ರ ತೋಳು ನೆಲಕ್ಕ ಬರ್ತಾವ. ನೀ ಉದ್ದಕ್ಕಿದ್ದಿ. ಬ್ಯಾರೆ ಯಾರದಾರ ನನಗ?"

ಈ ಅಂಕಣದ ಮೇಲೆ ನನ್ನ ಫೋಟೊ ಯಾಕಿಲ್ಲ ಎಂದು ನಿಮ್ಮಲ್ಲಿ ಕೆಲವರು ಪತ್ರ ಬರೆದಿದ್ದೀರಿ. ಹಾಕಬೇಡಿ ಎಂದು ಸಂಪಾದಕರನ್ನು ನಾನೇ ಕೇಳಿಕೊಂಡಿದ್ದೇನೆ. ಹತ್ತು ಜನರ ಮುಂದೆ ಹಾಡು ಎಂದರೂ ಎದ್ದು ಹೋಗುವವಳು. ಅಂಥವಳು ಪರಿಚಯವೇ ಇಲ್ಲದ ಮೂವರ ಮುಂದೆ, ಎಸಿ ರೂಮಿನಲ್ಲಿ, ಪಾತಾಳದ ಕಾವಲುಗಾರನ ಬೆವರು ಇನ್ನೂ ಆರದ ಉಡುಪಿನೊಳಗೆ ಹೊಕ್ಕೆ.

ಮೊದಲು ಸರಣಿಯಲ್ಲಿ ತೊಡಿಸಿದಂತೆಯೇ ತೊಡಿಸಿದಳು. "ನಡಿ," ಎಂದಳು. ನಡೆದೆ. ಎರಡು ಗಳಗಳು ನಡೆದವು. "ಬಗ್ಗು." ಆಗಲಿಲ್ಲ. "ಕೂಡು." ಕೂರಲು ಹೋಗಿ ಎಚ್‌ಆರ್ ಮೇಡಂ ಅವರ ಮೇಜು ಹಿಡಿದುಕೊಂಡೆ. ಗಡ್ಡದ ಯುವಕ ಫೋನಿನ ಪರದೆಯನ್ನೂ ನನ್ನನ್ನೂ ನೋಡಿದ. ಹೆಜ್ಜೆಹೆಜ್ಜೆಗೂ ಅದೇ ನಡಿಗೆ. ವಿಮರ್ಶಕರಿದ್ದಿದ್ದರೆ ನನಗೂ ಎರಡು ಸಾಲು ಬರೆಯುತ್ತಿದ್ದರೇನೋ.

ಆಮೇಲೆ ಬಿಚ್ಚಿ, ತಿರುಗಿಸಿ, ಹಿಂದಿನಿಂದ ತೊಡಿಸಿ ಜಿಪ್ ಎಳೆದಳು. ಪೆಟ್ಟಿಗೆ ಎದೆಗೆ ಬಂತು. ಕೊಳವೆಗಳು ತಾವಾಗಿ ಹೆಲ್ಮೆಟ್ಟಿನ ತೂತುಗಳಿಗೆ ಕೂತವು; ಅಷ್ಟು ದಿನ ಅವು ಬೆನ್ನ ಹಿಂದೆ ಸುಮ್ಮನೆ ಜೋತಾಡುತ್ತಿದ್ದವು. ಮಂಡಿ ಮಡಚಿತು. ಮೊಣಕೈ ಮಡಚಿತು. ನೆಲಕ್ಕೆ ಬಿದ್ದಿದ್ದ ಪೆನ್ನು ಎತ್ತಿಕೊಟ್ಟೆ. ಕೊನೆಗೆ ಅವಳು ಹೇಳದಿದ್ದರೂ ನಾನೇ ಆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ. ಇಷ್ಟೆಲ್ಲ ಯೋಚಿಸಿ ಹೊಲಿದವಳ ಮೇಲೆ ನನಗೆ ಆಗ ಬಂದ ಅಭಿಮಾನವನ್ನು ಹೆಲ್ಮೆಟ್ ಮುಚ್ಚಿಟ್ಟಿತು. ಒಳ್ಳೆಯದೇ ಆಯಿತು.

ಸವಿತಾ ಪುಟ್ಟರಾಜು ಅವರಿಗೆ ಫೋನು ಮಾಡಿ, ಸೂಟು ಯಾರು ಮಾಡಿದ್ದು, ಕುಂಕುಮ ಯಾವಾಗ ಹತ್ತಿದ್ದು ಎಂದು ಎಲ್ಲರಿಗೂ ಕೇಳುವಂತೆ ಹೇಳಿಸಿದಳು. ಮೊದಲ ಕಂತಿನ, ಭೂಮಿಯ ಮೇಲಿನ ಚುಕ್ಕೆಯನ್ನೂ ತೋರಿಸಿದಳು. ಎಚ್‌ಆರ್ ಮೇಡಂ ಮತ್ತೆ ನಕ್ಕರು. ಈ ಸಲ ಬೇರೆಯವರನ್ನು ನೋಡಿ.

ಹಿರಿಯರು ಕನ್ನಡಕ ತೆಗೆದರು. "ನಿಮ್ದೇ. ಡೌಟೇ ಇಲ್ಲ. ನಾನಂತೂ ಇಂಥದ್ದು ನೋಡಿಲ್ಲ. ಸೋಮವಾರ ಜಾಯಿನ್ ಆಗಿ."

ಸವಿತಾ ಉಸಿರು ಬಿಟ್ಟಳು. ನಾನು ನೆಲದಿಂದ ಎದ್ದೆ.

"ಒಂದೇ ಒಂದು ಸಜೆಶನ್," ಎಂದರು ಹಿರಿಯರು. "ಆ ಪೇಜು ಫೈಲಿಂದ ತೆಗ್ದುಬಿಡಿ. ನಮಗೆ ಗೊತ್ತಾಯ್ತು, ಸರಿ. ಬೇರೆಯವ್ರು ನೋಡಿದ್ರೆ ಮತ್ತೆ ಹಂಗೇ ಅನ್ಕೊಳ್ತಾರೆ. ಜನ ನೋಡಿರೋದು ಅವ್ರ ಸೀರೀಸ್‌ನಲ್ಲಿ ತಾನೆ? ನಿಮ್ ಒಳ್ಳೇದಕ್ಕೇ ಹೇಳ್ತಿರೋದು."

ಸವಿತಾ ಆ ಪುಟ ತೆರೆದು ಅವರ ಮುಂದಿಟ್ಟಳು. ನಾನು ಎತ್ತಿಕೊಟ್ಟ ಪೆನ್ನನ್ನೂ ಇಟ್ಟಳು.

"ಹಂಗಾರ ಒಂದ್ ಕೆಲಸ ಮಾಡ್ರಿ ಸಾರ್. ಇದರ ಕೆಳಗ ಒಂದ್ ಸಾಲು ಬರೀರಿ. ಇದು ಸವಿತಾ ಮಾಡಿದ್ದು, ನಾವು ಕಣ್ಣಾರೆ ನೋಡೇವಿ ಅಂತ. ಮೂರೂ ಮಂದಿ ಸಹಿ ಹಾಕ್ರಿ. ಮುಂದ ಯಾರೂ ನನ್ನ ಕೇಳಂಗಿಲ್ಲ."

ಹಿರಿಯರು ಕನ್ನಡಕ ಮತ್ತೆ ಹಾಕಿಕೊಂಡರು. ಗಡ್ಡದ ಯುವಕನಿಗೆ ಫೋನಿನಲ್ಲಿ ಏನೋ ತುರ್ತು ಬಂತು.

"ರೈಟಿಂಗಲ್ಲಿ ಅಂದ್ರೆ..." ಎಂದರು ಎಚ್‌ಆರ್ ಮೇಡಂ. "ಅದಕ್ಕೆ ಲೀಗಲ್‌ನವ್ರನ್ನ ಕೇಳ್ಬೇಕಾಗುತ್ತೆ."

"ಹೌದೌದು," ಎಂದರು ಹಿರಿಯರು. "ಲೀಗಲ್‌ನವ್ರನ್ನ ಕೇಳ್ಬೇಕು."

ಸವಿತಾ ಪುಟ ತೆಗೆಯಲಿಲ್ಲ. ಫೈಲು ಮುಚ್ಚಿ ಕಂಕುಳಲ್ಲಿಟ್ಟುಕೊಂಡಳು. ಸೋಮವಾರದಿಂದ ಕೆಲಸಕ್ಕೆ ಹೋಗುತ್ತಿದ್ದಾಳೆ. ಆ ಫೋಟೊದ ಕೆಳಗಿನ ಜಾಗ ಇನ್ನೂ ಖಾಲಿ ಇದೆ. ಲೀಗಲ್ ವಿಭಾಗದ ಉತ್ತರ ಬಂದಿಲ್ಲ.

ನನ್ನದೊಂದು ಸಣ್ಣ ಅನುಮಾನ. ಮೊದಲ ದಿನ ಅವಳನ್ನು ಕಳ್ಳಿ ಎಂದಾಗ ಇವರು ಯಾವ ಲೀಗಲ್‌ನವರನ್ನು ಕೇಳಿದ್ದರು?